ಕೆಂಪು ಪೆಟ್ಟಿಗೆ ನಕಲಿಯೇ?

ಹಳೆಯ ಆರ್ಕೇಡ್ ಆಟದ ಪೆಟ್ಟಿಗೆಯಲ್ಲಿ ಮೂಲ ಭಾಗಗಳನ್ನು ಗುರುತಿಸುವುದು ಸುಲಭವೆಂದು ನಾವೂ ಎಣಿಸಿದ್ದೆವು. ‘ಡಾಂಕಿ ಕಾಂಗ್’ ಆ ಎಣಿಕೆ ತಪ್ಪಿಸಿತು.

ನಿಂಟೆಂಡೊ 1980ರಲ್ಲಿ ತಂದ ‘ರಾಡಾರ್ ಸ್ಕೋಪ್’ ಅಮೆರಿಕದಲ್ಲಿ ಓಡಲಿಲ್ಲ. ಸುಮಾರು 2000 ಪೆಟ್ಟಿಗೆಗಳು ಗೋದಾಮಿನಲ್ಲೇ ಉಳಿದವು. ಶಿಗೆರು ಮಿಯಾಮೊಟೊ ಹೊಸ ಆಟ ರೂಪಿಸಿದರು. 1981ರಲ್ಲಿ ಅದೇ ಪೆಟ್ಟಿಗೆಗಳ ಒಳಗಿನ ಬೋರ್ಡನ್ನೂ ಹೊರಗಿನ ಚಿತ್ರಫಲಕವನ್ನೂ ಮಾರ್ಪಡಿಸಿ ‘ಡಾಂಕಿ ಕಾಂಗ್’ ಎಂದು ಮಾರಿದರು. ಹಾಗಾಗಿ ಅಲ್ಲಿನ ಮೊದಮೊದಲ ಪೆಟ್ಟಿಗೆಗಳು ಕೆಂಪು, ಆಮೇಲಿನವು ನೀಲಿ.

ನೀಲಿಯನ್ನಷ್ಟೇ ಬಲ್ಲವರು ಕೆಂಪನ್ನು ನಕಲಿಯೆಂದು ತಿಳಿದು ನೀಲಿ ಬಳಿದರೆ (ಹಳತನ್ನು ಹೊಸದಾಗಿಸುವ ಹುಮ್ಮಸ್ಸು ನಮ್ಮಲ್ಲೂ ಕಡಿಮೆಯೇನಿಲ್ಲ!) ಸೋತ ಆಟವೊಂದರ ಗುರುತೇ ಅಳಿಸಿಹೋಗುತ್ತದೆ. ನೀಲಿ ಪೆಟ್ಟಿಗೆ ಸಿಕ್ಕರೂ ಹಿಂಬಾಗಿಲ ಒಳಅಂಚನ್ನು ಒಮ್ಮೆ ನೋಡಿ; ಅಲ್ಲಿ ಕೆಂಪು ಇಣುಕೀತು.