ಹೆಸರಿಲ್ಲದ ಪ್ಲೇಟು, ಹೊರೆ ಹೊತ್ತವರ ಹೆಸರು

1971ರ ನವೆಂಬರ್ 8ರಂದು ಲೆಡ್ ಜೆಪ್ಪೆಲಿನ್ ಎಂಬ ಇಂಗ್ಲೆಂಡಿನ ರಾಕ್ ತಂಡದ ನಾಲ್ಕನೇ ಪ್ಲೇಟು ಹೊರಬಂತು. ಹೊದಿಕೆಯ ಮೇಲೆ ತಂಡದ ಹೆಸರಿಲ್ಲ. ಪ್ಲೇಟಿಗೂ ಹೆಸರಿಲ್ಲ. ಇದ್ದದ್ದು ಗೋಡೆಗೆ ತೂಗುಹಾಕಿದ ಒಂದು ಚಿತ್ರ: ಬೆನ್ನ ಮೇಲೆ ಕಡ್ಡಿಹೊರೆ, ಕೈಯಲ್ಲಿ ಕೋಲು, ಬಾಗಿ ನಿಂತ ಗಡ್ಡದ ಮುದುಕ.

ಹೆಸರು ಹಾಕದಿದ್ದರೂ ನಮ್ಮ ಹಾಡು ಜನಕ್ಕೆ ಮುಟ್ಟುತ್ತದೆ ಅಂತ ಟೀಕಾಕಾರರಿಗೆ ತೋರಿಸುವ ಹಟ ಅದು. ಹಟ ಗೆದ್ದಿತು. ಅಮೆರಿಕವೊಂದರಲ್ಲೇ ಪ್ಲೇಟು 2 ಕೋಟಿ ದಾಟಿತು. ಹೆಸರಿದ್ದವರು ಹೆಸರು ಬಿಟ್ಟರೆ ಅದೂ ಸುದ್ದಿ. ಆದರೆ ಆ ಮುದುಕ ಯಾರು?

ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಂಡವರು ನಾವು. ಸಣ್ಣ ಅಕ್ಷರದಲ್ಲಿ ಯಾರ ಹೆಸರಿದೆ, ಯಾರದಿಲ್ಲ ಅಂತ ನೋಡುವುದು ನಮ್ಮ ಚಾಳಿ.

ಈ ಪ್ಲೇಟಿನ ಬಹುಪಾಲು ಹಾಡು ಮುದ್ರಣವಾದದ್ದು ಹ್ಯಾಂಪ್‌ಷೈರಿನ ಹೆಡ್ಲೆ ಗ್ರೇಂಜ್‌ನಲ್ಲಿ. 1795ರಲ್ಲಿ ಅದನ್ನು ಕಟ್ಟಿದ್ದು ಬಡವರ ದುಡಿಮೆಮನೆಯಾಗಿ. ಕೈಲಾಗದವರು, ಮುದುಕರು, ತಬ್ಬಲಿ ಮಕ್ಕಳು ಅಲ್ಲಿದ್ದರು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಗಳು ಬಂಡೆದ್ದರು. ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ತೆನೆ ಬಡಿಯುವ ಯಂತ್ರ ಚಳಿಗಾಲದ ಕೆಲಸವನ್ನೂ ಕಿತ್ತುಕೊಂಡಿತ್ತು. ಆ ನವೆಂಬರಿನಲ್ಲಿ ಹೆಡ್ಲೆಯ ದುಡಿಮೆಮನೆಗೂ ನುಗ್ಗಿ ಒಡೆದರು. ಬಂಡೆದ್ದವರಲ್ಲಿ ಎಷ್ಟೋ ಜನರನ್ನು ಸರ್ಕಾರ ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತು.

ಆಮೇಲೆ ಆ ಮನೆ ಖಾಸಗಿ ಬಂಗಲೆಯಾಯಿತು. ಅದೇ ಮನೆಯ ಹಜಾರದಲ್ಲಿ ಜಾನ್ ಬಾನಮ್ ಡ್ರಮ್ ಬಾರಿಸಿದ. ಎಂಜಿನಿಯರ್ ಆಂಡಿ ಜಾನ್ಸ್ ಮಹಡಿ ಮೆಟ್ಟಿಲ ಮೇಲಿಂದ ಎರಡು ಮೈಕು ಇಳಿಬಿಟ್ಟ. ಎದೆಗೇ ಬಡಿಯುವ ಆ ಸದ್ದನ್ನು ದುಡಿಮೆಮನೆಯ ಗೋಡೆಗಳು ಕೊಟ್ಟವು.

ಆ ಸದ್ದಿನ ಹಾಡು 'ವೆನ್ ದ ಲೆವೀ ಬ್ರೇಕ್ಸ್'. ಲೆವೀ ಅಂದರೆ ನದಿಯ ಏರಿ. ಕಪ್ಪು ಜನಾಂಗದ ದಂಪತಿ ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ 1929ರಲ್ಲೇ ಅದನ್ನು ಪ್ಲೇಟಿಗೆ ಕೊಟ್ಟಿದ್ದರು. ಅದು 1927ರ ಮಿಸಿಸಿಪ್ಪಿ ಮಹಾಪೂರದ ಹಾಡು. ಗ್ರೀನ್‌ವಿಲ್ ಕಡೆ ಬಂದೂಕು ತೋರಿಸಿ ಕಪ್ಪು ಜನರಿಂದ ಏರಿಗೆ ಮರಳುಚೀಲ ಹೊರಿಸಿದರು. ಏಪ್ರಿಲ್ 21ರಂದು ಏರಿ ಒಡೆಯಿತು. ಬಿಳಿಯರನ್ನು ದೋಣಿ ಹತ್ತಿಸಿ ಸಾಗಿಸಿದರು. ಕಪ್ಪು ಜನ ಹೋದರೆ ಹೊಲಕ್ಕೆ ಕೂಲಿಗಳು ಸಿಗಲಾರರು ಅಂತ ಜಮೀನುದಾರರು ಅವರನ್ನು ಬಿಡಲಿಲ್ಲ. ಸಾವಿರಾರು ಮಂದಿ ಏರಿಯ ಮೇಲೇ ಉಳಿದರು.

1971ರ ಪ್ಲೇಟಿನಲ್ಲಿ ಹಾಡಿನ ಕರ್ತೃಗಳೆಂದು ತಂಡದ ನಾಲ್ವರ ಜೊತೆ ಮಿನ್ನಿಯ ಹೆಸರಿತ್ತು. 1929ರಲ್ಲಿ ಅದನ್ನು ಹಾಡಿದ ಜೋ ಹೆಸರಿರಲಿಲ್ಲ. ಮಿನ್ನಿ 1973ರಲ್ಲಿ ಬಡತನದಲ್ಲೇ ತೀರಿಕೊಂಡಳು. ಅವಳ ಗೋರಿಗೆ ಹೆಸರಿನ ಕಲ್ಲು ಬಂದದ್ದು 1996ರಲ್ಲಿ.

ಇನ್ನು ಹೊದಿಕೆಯ ಮುದುಕ. 2023ರಲ್ಲಿ ಬ್ರಿಯಾನ್ ಎಡ್ವರ್ಡ್ಸ್ ಎಂಬ ಸಂಶೋಧಕನಿಗೆ ವಿಕ್ಟೋರಿಯಾ ಕಾಲದ ಫೋಟೋ ಆಲ್ಬಮ್ಮಿನಲ್ಲಿ ಮೂಲಚಿತ್ರ ಸಿಕ್ಕಿತು. ಕೆಳಗೆ ಬರೆದಿತ್ತು: ವಿಲ್ಟ್‌ಷೈರಿನ ಹುಲ್ಲುಮಾಡು ಹೊದಿಸುವವನು. ಕಸುಬಿತ್ತು, ಹೆಸರಿರಲಿಲ್ಲ. ಅವನು ಮೀರ್ ಎಂಬ ಊರಿನ ಲಾಟ್ ಲಾಂಗ್ ಇರಬೇಕು ಅಂತ ಹುಡುಕಿ ಹೇಳಿದರು. ಪ್ಲೇಟು ಬಂದು ಆಗಲೇ 52 ವರ್ಷವಾಗಿತ್ತು.

ಹಾಡು ಕೇಳಬೇಡಿ ಅನ್ನುವುದಿಲ್ಲ ಗೆಳೆಯರೇ, ನಾವೂ ಕೇಳುತ್ತೇವೆ. ಕೇಳುವಾಗ ಬಾಯಿಬಿಟ್ಟು ಹೇಳೋಣ: ಲಾಟ್ ಲಾಂಗ್. ಮೆಂಫಿಸ್ ಮಿನ್ನಿ. ಕಾನ್ಸಾಸ್ ಜೋ. ಏರಿಗೆ ಚೀಲ ಹೊತ್ತವರ ಹೆಸರು ಇನ್ನೂ ಬಾಕಿ ಇದೆ.