ಧ್ಯಾನ, ಜಾನ

‘ಏನಪ್ಪಾ, ಯಾವ ಧ್ಯಾನದಲ್ಲಿದ್ದೀಯ?’ ಎಂದು ಹುಣಸೂರು ಸೀಮೆಯಲ್ಲಿ ಕೇಳಿದರೆ, ಎಲ್ಲೋ ಮನಸ್ಸಿಟ್ಟು ಮೈಮರೆತಿದ್ದೀಯ ಎಂದರ್ಥ. ಗಾವಡಗೆರೆಯ ಗುರುಲಿಂಗ ಜಂಗಮದೇವರ ಮಠದಂಥ ಕಡೆ ಅದೇ ಮಾತಿಗೆ ಬೇರೆ ತೂಕ: ಎಡ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವುದು ವೀರಶೈವರ ಧ್ಯಾನ. ಮೂಲ, ಸಂಸ್ಕೃತದ ‘ಧ್ಯೈ’ ಧಾತು, ಚಿಂತಿಸು ಎಂದರ್ಥ. ಪತಂಜಲಿಯ ಅಷ್ಟಾಂಗ ಯೋಗದಲ್ಲಿ ಧ್ಯಾನ 7ನೆಯದು. ಜೈನರು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು 4 ಬಗೆ ಹೇಳುತ್ತಾರೆ. ಕೊರಗು, ಕ್ರೌರ್ಯಗಳಲ್ಲಿ ಮುಳುಗುವುದೂ ಅವರಿಗೆ ಧ್ಯಾನವೇ. ಹಳ್ಳಿಯ ಬಳಕೆ ಈ ಹಳೆಯ ಅರ್ಥಕ್ಕೇ ಹತ್ತಿರ ಎಂದು ನನಗನ್ನಿಸುತ್ತದೆ. ಬೌದ್ಧರ ಜೊತೆ ಹೊರಟ ಪದ ಚೀನಾದಲ್ಲಿ ‘ಚಾನ್’, ಜಪಾನಿನಲ್ಲಿ ‘ಝೆನ್’ ಆಯಿತು. ಹಳಗನ್ನಡದಲ್ಲಿ ‘ಜಾನ’ವಾಗಿ, ‘ಜಾನಿಸು’ ಎಂಬ ಕ್ರಿಯಾಪದವೂ ಹುಟ್ಟಿತು. ಎಷ್ಟು ಚೆಂದದ ಪದ! ಬರೆಯುವವರು ಅದನ್ನು ಮತ್ತೆ ಬಳಕೆಗೆ ತರಬೇಕು.