ಉದ್ಯೋಗಿ ವಂಚನೆ ತಡೆ ಮತ್ತು ವಿಷಲ್‌ಬ್ಲೋವರ್ ರಕ್ಷಣೆ

ಉದ್ಯೋಗಿ ವಂಚನೆ ಎಂದರೆ ಸಂಸ್ಥೆಯೊಂದರ ನೌಕರ, ಅಧಿಕಾರಿ ಅಥವಾ ನಿರ್ದೇಶಕ ತನ್ನ ಹುದ್ದೆಯನ್ನು ದುರುಪಯೋಗಪಡಿಸಿಕೊಂಡು ಸಂಸ್ಥೆಯ ಹಣ, ಆಸ್ತಿ ಅಥವಾ ಮಾಹಿತಿಯಿಂದ ಸ್ವಂತ ಲಾಭ ಪಡೆಯುವುದು. ಇಂತಹ ಅಕ್ರಮವನ್ನು ಕಂಡು, ಕ್ರಮ ಕೈಗೊಳ್ಳಬಲ್ಲವರ ಗಮನಕ್ಕೆ ತರುವ ವ್ಯಕ್ತಿಯನ್ನು ವಿಷಲ್‌ಬ್ಲೋವರ್ ಅಥವಾ ಮಾಹಿತಿದಾರ ಎನ್ನಲಾಗುತ್ತದೆ. ವಂಚನೆಯ ಪತ್ತೆ ಬಹುಮಟ್ಟಿಗೆ ಇಂಥವರನ್ನು ಅವಲಂಬಿಸಿರುವುದರಿಂದ, ಅವರ ರಕ್ಷಣೆಯು ವಂಚನೆ ತಡೆಯ ಮುಖ್ಯ ಅಂಗವಾಗಿದೆ.

ವಿಧಗಳು ಮತ್ತು ಕಾರಣಗಳು

ಉದ್ಯೋಗಿ ವಂಚನೆಯನ್ನು ಸಾಮಾನ್ಯವಾಗಿ ಮೂರು ವಿಧಗಳಾಗಿ ವಿಂಗಡಿಸಲಾಗುತ್ತದೆ:

• ಆಸ್ತಿಯ ದುರುಪಯೋಗ: ನಗದು ಕಳವು, ಸುಳ್ಳು ಬಿಲ್ಲು, ಇಲ್ಲದ ನೌಕರರ ಹೆಸರಿನಲ್ಲಿ ಸಂಬಳ ಪಡೆಯುವುದು.
• ಭ್ರಷ್ಟಾಚಾರ: ಲಂಚ, ಗುತ್ತಿಗೆಗಳಲ್ಲಿ ಕಮಿಷನ್.
• ಲೆಕ್ಕಪತ್ರಗಳ ತಿರುಚುವಿಕೆ: ಇಲ್ಲದ ಆದಾಯ ಅಥವಾ ಠೇವಣಿಯನ್ನು ತೋರಿಸುವುದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರು 2009ರ ಜನವರಿ 7ರಂದು ಒಪ್ಪಿಕೊಂಡ ಹಗರಣ ಇದಕ್ಕೆ ಪ್ರಸಿದ್ಧ ಉದಾಹರಣೆ.

ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನವು 'ವಂಚನೆಯ ತ್ರಿಕೋನ' ಎಂಬ ಸಿದ್ಧಾಂತಕ್ಕೆ ಆಧಾರವಾಯಿತು. ಇದರಂತೆ ಆರ್ಥಿಕ ಒತ್ತಡ, ಅವಕಾಶ ಮತ್ತು ತಪ್ಪನ್ನು ಸಮರ್ಥಿಸಿಕೊಳ್ಳುವ ಮನೋಭಾವ ಒಟ್ಟುಗೂಡಿದಾಗ ವಂಚನೆ ನಡೆಯುತ್ತದೆ. ಇವುಗಳಲ್ಲಿ ಸಂಸ್ಥೆಯ ಹಿಡಿತಕ್ಕೆ ಹೆಚ್ಚು ಸಿಗುವುದು ಅವಕಾಶ.

ತಡೆ ಕ್ರಮಗಳು

ಪಾವತಿಗೆ ಮಂಜೂರಾತಿ ನೀಡುವವರು, ಹಣ ನಿರ್ವಹಿಸುವವರು ಮತ್ತು ಲೆಕ್ಕ ಬರೆಯುವವರು ಬೇರೆ ಬೇರೆಯಾಗಿರಬೇಕೆಂಬುದು ಮೂಲ ನಿಯಮ. ಅನಿರೀಕ್ಷಿತ ತಪಾಸಣೆ, ಆಂತರಿಕ ಲೆಕ್ಕಪರಿಶೋಧನೆ ಮತ್ತು ಹುದ್ದೆಗಳ ಬದಲಾವಣೆ ಇತರ ಕ್ರಮಗಳು. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ಮುನ್ಸೂಚನೆಯಿಲ್ಲದೆ ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನಗಳ ಕಾಲ ನಿರಂತರವಾಗಿ ರಜೆಯ ಮೇಲೆ ಕಳುಹಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರಲ್ಲಿ ಸೂಚಿಸಿತು. ಆ ಅವಧಿಯಲ್ಲಿ ಬೇರೊಬ್ಬರು ಕೆಲಸ ನೋಡಿಕೊಳ್ಳುವುದರಿಂದ ಮುಚ್ಚಿಟ್ಟ ಅಕ್ರಮ ಹೊರಬರುವ ಸಾಧ್ಯತೆಯಿರುತ್ತದೆ.

ಆದರೆ ಹಲವರು ಕೂಡಿ ನಡೆಸುವ ಅಥವಾ ಮೇಲಧಿಕಾರಿಗಳೇ ಭಾಗಿಯಾಗಿರುವ ವಂಚನೆಯನ್ನು ಈ ಕ್ರಮಗಳಿಂದ ತಡೆಯುವುದು ಕಷ್ಟ. ಪ್ರಮಾಣೀಕೃತ ವಂಚನಾ ಪರೀಕ್ಷಕರ ಅಂತಾರಾಷ್ಟ್ರೀಯ ಸಂಘವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಧ್ಯಯನಕ್ಕೊಳಪಟ್ಟ ಪ್ರಕರಣಗಳಲ್ಲಿ ಶೇ. 43ರಷ್ಟು ಯಾರಾದರೂ ನೀಡಿದ ಸುಳಿವಿನಿಂದ ಪತ್ತೆಯಾದವು. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದೇ ಸಂಸ್ಥೆಗಳ ಉದ್ಯೋಗಿಗಳು.

ಭಾರತದಲ್ಲಿನ ಹಿನ್ನೆಲೆ

ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರು ಸುವರ್ಣ ಚತುಷ್ಪಥ ಯೋಜನೆಯ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಮಂತ್ರಿ ಕಚೇರಿಗೆ ಪತ್ರ ಬರೆದರು. ಹೆಸರನ್ನು ಗೋಪ್ಯವಾಗಿಡಬೇಕೆಂದು ಕೋರಿದ್ದರೂ ಪತ್ರವು ಅವರ ವಿವರಗಳೊಂದಿಗೇ ಇತರ ಇಲಾಖೆಗಳಿಗೆ ರವಾನೆಯಾಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಹತ್ಯೆಯಾಯಿತು. ಸಿಬಿಐ ತನಿಖೆ ಇದನ್ನು ದರೋಡೆಗೆ ಸಂಬಂಧಿಸಿದ ಕೊಲೆಯೆಂದು ಹೇಳಿತಾದರೂ, ಗೋಪ್ಯತೆಯ ವೈಫಲ್ಯ ದೇಶವ್ಯಾಪಿ ಚರ್ಚೆಗೆ ಕಾರಣವಾಯಿತು. 2004ರಲ್ಲಿ ಕೇಂದ್ರ ಸರ್ಕಾರವು ನಿರ್ಣಯ ಹೊರಡಿಸಿ, ಇಂತಹ ದೂರುಗಳನ್ನು ಸ್ವೀಕರಿಸುವ ಅಧಿಕಾರವನ್ನು ಕೇಂದ್ರ ಜಾಗೃತ ಆಯೋಗಕ್ಕೆ ನೀಡಿತು.

ಕರ್ತವ್ಯದ ಭಾಗವಾಗಿ ಅಕ್ರಮ ತಡೆದವರೂ ಅಪಾಯಕ್ಕೆ ಸಿಲುಕಿದ್ದಾರೆ. ಕೋಲಾರ ಜಿಲ್ಲೆಯ ಮೂಲದವರಾದ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಕಾರ್ಪೊರೇಷನ್ನಿನ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೀರಿಯಲ್ಲಿ ಕಲಬೆರಕೆ ಇಂಧನ ಮಾರಾಟದ ವಿರುದ್ಧ ಕ್ರಮ ಕೈಗೊಂಡಿದ್ದ ಅವರನ್ನು 2005ರ ನವೆಂಬರ್‌ನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ಕಾನೂನು

ಕಂಪನಿಗಳ ಕಾಯ್ದೆ, 2013ರ 177ನೇ ಕಲಮಿನಂತೆ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಹಾಗೂ ನಿಗದಿತ ವರ್ಗದ ಇತರ ಕಂಪನಿಗಳು ದೂರು ಸ್ವೀಕರಿಸುವ ಜಾಗೃತ ವ್ಯವಸ್ಥೆಯನ್ನು ಹೊಂದಿರಬೇಕು. ದೂರುದಾರರಿಗೆ ಕಿರುಕುಳವಾಗದಂತೆ ರಕ್ಷಣೆ ನೀಡಬೇಕು; ಸೂಕ್ತ ಸಂದರ್ಭಗಳಲ್ಲಿ ಅವರು ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನು ನೇರವಾಗಿ ಸಂಪರ್ಕಿಸಲು ಅವಕಾಶವಿರಬೇಕು.

ವಿಷಲ್‌ಬ್ಲೋವರ್‌ಗಳ ರಕ್ಷಣಾ ಕಾಯ್ದೆ, 2014 ಸಾರ್ವಜನಿಕ ಸೇವಕರ ವಿರುದ್ಧದ ದೂರುಗಳಿಗೆ ಸಂಬಂಧಿಸಿದೆ. ದೂರುದಾರರ ಗುರುತು ಬಹಿರಂಗಪಡಿಸಿದವರಿಗೆ ಮೂರು ವರ್ಷಗಳವರೆಗೆ, ಗೊತ್ತಿದ್ದೂ ಸುಳ್ಳು ದೂರು ನೀಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಲು ಇದರಲ್ಲಿ ಅವಕಾಶವಿದೆ. ಅನಾಮಧೇಯ ದೂರುಗಳನ್ನು ಇದು ಪರಿಗಣಿಸುವುದಿಲ್ಲ.

ಮಿತಿಗಳು

2014ರ ಕಾಯ್ದೆಗೆ ಆ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತರೂ ಅದನ್ನು ಜಾರಿಗೊಳಿಸುವ ಅಧಿಸೂಚನೆ ಹೊರಬಿದ್ದಿಲ್ಲ. ಖಾಸಗಿ ಉದ್ಯೋಗಿಗಳ ರಕ್ಷಣೆ ಹೆಚ್ಚಾಗಿ ಆಯಾ ಕಂಪನಿಯ ನೀತಿಯನ್ನು ಅವಲಂಬಿಸಿದೆ. ವರ್ಗಾವಣೆ, ಬಡ್ತಿ ನಿರಾಕರಣೆ, ವಜಾ ಮೊದಲಾದ ಪ್ರತೀಕಾರದ ಭಯವಿರುವಲ್ಲಿ ದೂರು ವ್ಯವಸ್ಥೆ ಹೆಸರಿಗಷ್ಟೇ ಉಳಿಯುತ್ತದೆ. ಆದ್ದರಿಂದ ಗುರುತಿನ ಗೋಪ್ಯತೆ, ನೇರ ಮೇಲಧಿಕಾರಿಯನ್ನು ಬಿಟ್ಟು ಬೇರೆಯವರಿಗೂ ದೂರು ನೀಡುವ ಮಾರ್ಗ ಹಾಗೂ ದೂರಿನ ಮೇಲೆ ಕೈಗೊಂಡ ಕ್ರಮವನ್ನು ದೂರುದಾರರಿಗೆ ತಿಳಿಸುವ ಪದ್ಧತಿ ಇದಕ್ಕೆ ಅಗತ್ಯ.